ತಲೆ ಚಿವುಟಿದ ನೆತ್ತಿಲಿ

ನಮ್ಮ ಮೇಡಂಗೆ,

ಹರದನಹಳ್ಳಿಯಿಂದ ಚಿಕ್ಕತಾಯಮ್ಮ, ನಿಮ್ಮ ಬಾಯಲ್ಲಿ ಬರೀ ತಾಯಮ್ಮ, ಬರೀತಿರೋದು. ಕ್ಷೇಮವೇ ಅಂತ ಕೇಳೋಣ ಅಂದ್ರೆ, ನೀವಿರೋ ಕಡೆ ಕ್ಷೇಮ ಅನ್ನೋದು ಹೆಂಗಿರುತ್ತೋ ನನಗೇನು ಗೊತ್ತು. ನನ್ನದು ಕೇಳಿದ್ರೆ ಮೈ ಚೆನ್ನಾಗಿದೆ, ತಲೆ ಮಾತ್ರ ಕೆಟ್ಟು ಕೆರ ಹಿಡಿದಿದೆ. ಪೆನ್ಸಿಲ್‌ನಲ್ಲಿ ಬರೀತಿದೀನಿ, ಅಕ್ಷರ ಮಂಕಾಗಿದ್ರೆ ಬಯ್ಕೋಬೇಡಿ. ಯಾಕೆ ಪೆನ್ಸಿಲ್ ಅಂತ ಕೊನೇಲಿ ಹೇಳ್ತೀನಿ. ನೀವು ಹೋಗಿ ವರ್ಷ ಕಳೀತು. ಪ್ರಾಣಿಶಾಸ್ತ್ರದ ಲ್ಯಾಬಲ್ಲಿ ನಿಮ್ಮ ಕುರ್ಚಿ ಮೇಲೆ ಈಗ ಹೊಸ ಸಾರು ಕೂರ್ತಾರೆ. ನಾನು ಮಾತ್ರ ಅದೇ ಅಟೆಂಡರು, ಸೊಂಟದಲ್ಲಿ ಅದೇ ಬೀಗದ ಕೈ ಗೊಂಚಲು. ನಿಮ್ಮನ್ನ ಒಂದು ಮಾತು ಕೇಳಬೇಕಿತ್ತು. ಆವತ್ತು ಆ ಎರಡು ಜಾಡಿ ಮುಂದೆ ನಿಂತ್ಕೊಂಡು "ಇರಲಿ" ಅಂದ್ರಲ್ಲ, ಅದು ನೋಡಿ ಅಂದಿದ್ದಾ, ನೋಡದೆ ಅಂದಿದ್ದಾ?

ಮೊದಲನೇ ಸಲ ನನ್ನ ಕೈಲಿ ಮೀನು ತರಿಸಿದ್ದು ನೆನಪಿದ್ಯಾ ಮೇಡಂ? ನಾನು ಕೆಲಸಕ್ಕೆ ಸೇರಿ ಎರಡು ತಿಂಗಳೂ ಆಗಿರಲಿಲ್ಲ. "ತಾಯಮ್ಮ, ನಾಳೆ ಬರ್ತಾ ಮಾರ್ಕೆಟ್ಟಲ್ಲಿ ನೆತ್ತಿಲಿ ಸಿಕ್ಕಿದ್ರೆ ಕಾಲು ಕೆಜಿ ತಗೊಂಡು ಬಾ. ಐಸಲ್ಲಿಟ್ಟಿರೋದು, ಒಣಗಿದ್ದು ಬೇಡ" ಅಂದ್ರಿ. ನನಗೆ ತಲೆಬುಡ ಅರ್ಥ ಆಗಲಿಲ್ಲ. ಸ್ಟಾಫ್ ರೂಮಲ್ಲಿ ಯಾರಾದ್ರೂ ಬೇಯಿಸಿದ ಮೊಟ್ಟೆ ಸುಲಿದ್ರೆ ಎದ್ದು ಕಿಟಕಿ ಹತ್ರ ಹೋಗಿ ನಿಲ್ಲೋರು ನೀವು. ನಿಮಗೆ ನೆತ್ತಿಲಿ ಯಾಕೆ? ಡಾಕ್ಟ್ರು ತಿನ್ನೋಕೆ ಹೇಳಿರಬೇಕು, ಪಾಪ ನಾಚಿಕೆಗೆ ಬಾಯಿ ಬಿಡ್ತಿಲ್ಲ ಅಂದ್ಕೊಂಡೆ. ಹಂಗಂದ್ಕೊಂಡು ಸಾಯಂಕಾಲವೇ ತಗೊಂಡು ಮನೆಗೆ ಹೋದೆ. ಜಗಲಿ ಮೇಲೆ ಕೂತು ಒಂದೊಂದೇ ಕ್ಲೀನು ಮಾಡಿದೆ. ಅಷ್ಟು ಸಣ್ಣ ಮೀನಿಗೆ ಚಾಕು ಯಾರು ಹಿಡೀತಾರೆ? ನಮ್ಮ ಕಡೆ ಹೆಂಗಸರೆಲ್ಲ ಮಾಡೋದು ಒಂದೇ ಥರ. ಹೆಬ್ಬೆಟ್ಟು ತೋರುಬೆಟ್ಟಲ್ಲಿ ತಲೆ ಹಿಡಿದು ಚಿವುಟಿ ಎಳೆದ್ರೆ ಕರುಳೂ ಅದರ ಜೊತೆಗೇ ಬಂದ್ಬಿಡುತ್ತೆ. ಉಪ್ಪು ಅರಿಶಿನ ಹಾಕಿ ಮೂರು ನೀರಲ್ಲಿ ತೊಳೆದು, ಸ್ಟೀಲ್ ಡಬ್ಬೀಲಿ ಸಾಲಾಗಿ ಜೋಡಿಸಿ, ಮಾರನೇ ದಿನ ನಿಮ್ಮ ಮೇಜಿನ ಮೇಲಿಟ್ಟೆ.

ನೀವು ಸೆರಗು ಮೂಗಿಗೆ ಹಿಡ್ಕೊಂಡು ಮುಚ್ಚಳ ತೆಗೆದ್ರಿ. ಇಕ್ಕಳದಲ್ಲಿ ಒಂದೆರಡು ಎತ್ತಿ ತಿರುಗಿಸಿ ನೋಡಿದ್ರಿ. ಆಮೇಲೆ, "ತಲೆ ಎಲ್ಲಿ ತಾಯಮ್ಮ?"

"ಬೆಕ್ಕಿಗೆ ಹಾಕ್ಬುಟ್ಟೆ ಮೇಡಂ."

ಕುರ್ಚಿ ಮೇಲೆ ಕುಸಿದು ಕೂತು ನಗೋಕೆ ಶುರು ಮಾಡಿದ್ರಿ. ಕಣ್ಣಲ್ಲಿ ನೀರು ಬರೋ ಹಂಗೆ ನಕ್ಕು, "ನನಗೆ ಬೇಕಿದ್ದಿದ್ದು ತಲೆ ಮಾತ್ರ ಕಣಮ್ಮ. ಮಿಕ್ಕಿದ್ದು ಬೆಕ್ಕಿಗೆ ಹಾಕಿದ್ರೂ ನಡೀತಿತ್ತು" ಅಂದ್ರಿ. ಆ ಮೀನನ್ನ ವಾಪಸ್ ತಗೊಂಡು ಹೋಗಿ ಸಾರು ಮಾಡಿದೆ. ನಮ್ಮೆಜಮಾನ್ರು ಎರಡು ಮುದ್ದೆ ಜಾಸ್ತಿ ತಿಂದು, "ನಿಮ್ಮ ಮೇಡಂಗೆ ದಿನಾ ಮೀನ್ ತರಸಕ್ ಏಳು" ಅಂದ್ರು.

ಮಾರನೇ ವಾರ ತಲೆ ಸಮೇತ ತಂದೆ. ಟ್ರೇಯಲ್ಲಿ ಒಂದು ಮೀನು ಮಲಗಿಸಿ, ಭೂತಗನ್ನಡಿ ನನ್ನ ಕೈಗೆ ಕೊಟ್ಟು, "ಮೂತಿ ನೋಡು" ಅಂದ್ರಿ. ನೋಡಿದೆ. ಮೂಗು ಮುಂದಕ್ಕೆ ಚಾಚಿಕೊಂಡಿತ್ತು, ಬಾಯಿ ಅದರ ಅಡೀಲಿ ಹಿಂದಕ್ಕೆ ಸರಿದು ಕೂತಿತ್ತು. ಹಲ್ಲು ಬಿದ್ದ ನಮ್ಮ ಸೋದರಮಾವನ ಥರ ಅಂದೆ. "ಹ್ಞಾ, ಅದೇ ನೆತ್ತಿಲಿ ಜಾತಿಯ ಗುರುತು. ಮತ್ತಿ ಮೀನಿನ ಮರಿ ಆದ್ರೆ ಬಾಯಿ ಮೂತಿ ತುದೀಲೇ ಇರುತ್ತೆ" ಅಂದ್ರಿ. ಹೊಟ್ಟೆ ಅಡೀಲಿ ಬೆರಳಾಡಿಸು ಅಂದ್ರಿ, ಆಡಿಸಿದೆ, ಸೂಜಿ ಮೊನೆ ಥರ ಮೂರು ನಾಲ್ಕು ಕಡೆ ಚುಚ್ಚಿತು. ಅಷ್ಟು ವರ್ಷ ತಿಂದಿದೀನಿ, ಅಲ್ಲಿ ಮುಳ್ಳಿದೆ ಅಂತಲೇ ನನಗೆ ಗೊತ್ತಿರಲಿಲ್ಲ.

ಪಕ್ಕೆಯ ಬೆಳ್ಳಿ ಪಟ್ಟಿ ಎಷ್ಟು ಚೆನ್ನಾಗಿದೆ ಅಂದೆ. "ಅದನ್ನ ನಂಬಬೇಡ ತಾಯಮ್ಮ. ಜಾಡಿಗೆ ಹಾಕಿದ್ರೆ ಬಣ್ಣ ಹೋಗುತ್ತೆ. ಮೈ ದಪ್ಪ ಸಣ್ಣ ಅನ್ನೋದನ್ನೂ ನಂಬಬೇಡ, ಹೊಟ್ಟೇಲಿ ಮೊಟ್ಟೆ ಇದ್ರೆ ದಪ್ಪ, ಇಲ್ದಿದ್ರೆ ಸಣ್ಣ. ಮೂಳೆ ನಂಬು" ಅಂತ ಇಕ್ಕಳದ ತುದೀಲಿ ತೋರಿಸಿದ್ರಿ. ಮೇಲ್ದವಡೆ ಮೂಳೆ ಬಾಯಿಂದ ಹಿಂದಕ್ಕೆ ಚಾಚಿರುತ್ತೆ. ಅದು ಕೆನ್ನೆ ಮೂಳೆಯ ಮುಂದಿನ ಅಂಚಿಗೇ ನಿಂತ್ರೆ ಇಂಡಿಕಸ್ ಅನ್ನೋ ನೆತ್ತಿಲಿ. ಕೆನ್ನೆ ದಾಟಿ ಹಿಂದಿನ ಅಂಚಿನ ತನಕ ಹೋದ್ರೆ ಕಾಮರ್ಸೋನಿ. ಕಾಮರ್ಸೋನಿಗೆ ನೆತ್ತಿ ಹಿಂದೆ ಎರಡು ಕಪ್ಪು ಗುರುತೂ ಇರುತ್ತೆ, ಆದ್ರೆ ಜಾಡೀಲಿ ಅದೂ ಮಾಸಬಹುದು. ಇಷ್ಟು ಹೇಳಿ, "ಗೊತ್ತಾಯ್ತಾ?" ಅಂದ್ರಿ. ಗೊತ್ತಾಯ್ತು ಅಂದೆ. ಇಡೀ ಮೀನೇ ಬೆರಳುದ್ದ, ಅದರ ಕೆನ್ನೆ ಎಲ್ಲಿ, ದವಡೆ ಎಲ್ಲಿ… ಏನು ಗೊತ್ತಾಗುತ್ತೆ ಮೇಡಂ ನನಗೆ? ಆದ್ರೂ ಮೀನಿಗೂ ಒಂದು ಮುಖ ಅಂತ ಇರುತ್ತೆ ಅನ್ನೋದು ಆವತ್ತೇ ಗೊತ್ತಾಗಿದ್ದು.

ನಮ್ಮೂರ ಮಾರ್ಕೆಟ್ಟಿಗೆ ಪುಣಜನೂರು ದಾರೀಲಿ ತಮಿಳುನಾಡಿಂದ ಬರೋ ಮೀನೆಲ್ಲ ಇಂಡಿಕಸ್ಸೇ ಆಯ್ತು, ಇನ್ನೊಂದು ಬೇಕು ಅಂತ ನೀವು ಗುಂಡ್ಲುಪೇಟೆಗೆ ಹೊರಟ್ರಿ. ನನ್ನನ್ನೂ ಕರ್ಕೊಂಡು ಹೋದ್ರಿ. ಬಸ್ಸಲ್ಲಿ ಕಿಟಕಿ ಪಕ್ಕ ಕೂತು ಏಲಕ್ಕಿ ಅಗೀತಾ ಇದ್ರಿ, ಮಾರ್ಕೆಟ್ ವಾಸನೆ ತಡ್ಕೊಳ್ಳೋಕೆ ಈಗಿಂದಲೇ ರೆಡಿ ಆಗ್ತಿದೀನಿ ಅಂದ್ರಿ. ಅಲ್ಲಿ ಸಿಕ್ಕಿದ್ದೇ ಅಲ್ಲೇ ಪಕ್ಕದ ಮದ್ದೂರಿನ ಜಯಮ್ಮ. ಕೇರಳದಿಂದ ಬಂದ ಮೀನು ಬುಟ್ಟೀಲಿ ಹಾಕ್ಕೊಂಡು ಕೂತಿದ್ರು. ಅವರ ಬಾಯಲ್ಲಿ ಅದು ನತ್ತೋಲಿ. ನೀವು ಬಗ್ಗಿ ಒಂದೊಂದೇ ಮೀನಿನ ತಲೆ ನೋಡೋಕೆ ಶುರು ಮಾಡಿದ್ರೆ ಆಯಮ್ಮನಿಗೆ ರೇಗಿತು. "ಇದೇನ್ ಎಣ್ಣು ನೋಡಕ್ ಬಂದಿದೀರಾ ಮೊಕ ನೋಡದಕ್ಕೆ? ತಕಳದಾದ್ರೆ ತಕಳಿ, ಇಲ್ದಿದ್ರೆ ಜಾಗ ಬುಡಿ" ಅಂದ್ರು. ನಾನು ಸಮಾಧಾನ ಮಾಡಿದೆ, ಕಾಲೇಜಿನ ಮೇಡಂ, ಜಾಡೀಲಿಟ್ಟು ಪಾಠ ಮಾಡೋಕೆ ಅಂತ. ಆಗ ಆಯಮ್ಮ ಕೂತಿದ್ದ ಮಣೆ ಬಿಟ್ಟುಕೊಟ್ಟು, ತಾವೇ ಆರಿಸಿ ಆರಿಸಿ ಕೊಟ್ರು.

ಪಕ್ಕದಲ್ಲೇ ಮೀನಿನ ಪೆಟ್ಟಿಗೆ ಬೋರಲು ಹಾಕ್ಕೊಂಡು ಹೈಸ್ಕೂಲು ಹುಡುಗಿ ಒಬ್ಬಳು ಓದ್ತಾ ಕೂತಿದ್ದಳಲ್ಲ, ಅವಳೇ ಸುಮಿತ್ರ, ಜಯಮ್ಮನ ಮಗಳು. "ಸಮುದ್ರ ನೋಡಿದ್ಯಾ?" ಅಂತ ನೀವು ಕೇಳಿದ್ರಿ. "ಇಲ್ಲ ಮಿಸ್" ಅಂದಳು. ಜಯಮ್ಮ ಮಧ್ಯ ಬಾಯಿ ಹಾಕಿ, "ಇಪ್ಪತ್ತು ವರ್ಸದಿಂದ ಸಮುದ್ರದ್ ಮೀನೇ ಮಾರದು, ನಾನೇ ನೋಡಿಲ್ಲ ಕನವ್ವೋ. ಅದೇ ದಿನಾ ಇಲ್ಲಿಗ್ ಬತ್ತದಲ್ಲ, ನಾವ್ ಯಾಕ್ ಓಗ್ಬೇಕು?" ಅಂದ್ರು. ನಮ್ಮ ಕಾಲೇಜಿಂದ ವರ್ಷಕ್ಕೆ ಒಬ್ಬರನ್ನ ಸಮುದ್ರದ ದಡಕ್ಕೆ ಹದಿನೈದು ದಿನ ಮೀನಿನ ತರಬೇತಿಗೆ ಕಳಿಸೋ ಪದ್ಧತಿ ಮಾಡಿದ್ದು ನೀವೇ. "ಇವಳನ್ನ ನಮ್ಮಲ್ಲಿ ಸೇರಿಸಿ. ಚೆನ್ನಾಗಿ ಓದಿದ್ರೆ ಸಮುದ್ರ ತೋರಿಸೋ ಜವಾಬ್ದಾರಿ ನನ್ನದು" ಅಂದ್ರಿ. ಆ ಹುಡುಗಿ ಪುಸ್ತಕ ಮಡಚಿ ನಿಮ್ಮ ಮುಖವನ್ನೇ ನೋಡ್ತಿದ್ದಳು.

ಆವತ್ತು ಸಾಯಂಕಾಲವೇ ಮೀನು ಜಾಡಿಗೆ ಹಾಕಿದ್ರಿ. ಫಾರ್ಮಲಿನ್ ಘಾಟಿಗೆ ನಾನು ಸೆರಗು ಮೂಗಿಗೆ ಹಿಡ್ಕೊಂಡು ಬಾಗಿಲಾಚೆ ಓಡಿದ್ದೆ. ಮೀನಿನ ವಾಸನೆಗೆ ನೀವು ಓಡೋದು, ಔಷಧಿ ವಾಸನೆಗೆ ನಾನು ಓಡೋದು. ಒಳಗೆ ಏನೇನು ಮಾಡಿದ್ರೋ ನಾನು ನೋಡಲಿಲ್ಲ. ಬಂದಾಗ ಎರಡು ಜಾಡಿ ಮೇಣ ಹಾಕಿ ಮುಚ್ಚಿತ್ತು. ಹೊರಗೆ ನಿಮ್ಮ ಅಕ್ಷರದಲ್ಲಿ ಚೀಟಿ, ನಮ್ಮೂರ ಮಾರ್ಕೆಟ್ಟಿನ ಮೀನಿಗೆ ಇಂಡಿಕಸ್, ಗುಂಡ್ಲುಪೇಟೆ ಮೀನಿಗೆ ಕಾಮರ್ಸೋನಿ.

ಇನ್ನು ನನ್ನ ಘನಕಾರ್ಯ ಕೇಳಿ. ಹೊಸ ಕಟ್ಟಡಕ್ಕೆ ಲ್ಯಾಬು ಸಾಗಿಸಿದ್ವಲ್ಲ, ಸುಮಿತ್ರ ಬಿ.ಎಸ್ಸಿ.ಗೆ ಸೇರಿದ ವರ್ಷ. ಕೈಗಾಡೀಲಿ ತರುವಾಗ ಮಳೆ ಹನೀತು, ಆ ಎರಡು ಜಾಡಿ ಚೀಟಿ ನೆನೆದು ಕಿತ್ತು ಬಂದ್ವು. ಒಣಗಿಸಿ, ಮೈದಾ ಅಂಟು ಕಲಸಿಕೊಂಡು ಕೂತೆ. ಯಾವುದು ಯಾವುದಕ್ಕೆ? ಜಾಡಿಗಳನ್ನ ಕಿಟಕಿಗೆ ಹಿಡಿದೆ. ಮೀನುಗಳು ಬಾಲ ಮೇಲೆ, ತಲೆ ಕೆಳಗೆ ಮಾಡ್ಕೊಂಡು ನಿಂತಿದ್ವು. ತಲೆ ನೋಡಬೇಕಂದ್ರೆ ಮಂಡಿಯೂರಿ ಬಗ್ಗಬೇಕಿತ್ತು. ನಾನು ಬಗ್ಗಲಿಲ್ಲ. ಒಂದು ಜಾಡೀಲಿ ಮೀನು ಮೈ ತುಂಬಿಕೊಂಡಿತ್ತು, ಇನ್ನೊಂದರಲ್ಲಿ ಕೃಶ. ಗುಂಡ್ಲುಪೇಟೆ ಮೀನು ದಪ್ಪ ಇದ್ದಂಗೆ ನೆನಪು, ನನ್ನ ಕೈಯಾರೆ ಮುಟ್ಟಿದ್ದೆನಲ್ಲ, ದಪ್ಪಗಿರೋದೇ ಗುಂಡ್ಲುಪೇಟೇದು ಅಂತ ಅಂಟಿಸಿಬಿಟ್ಟೆ. ತಲೆ ಚಿವುಟಿ ಬಿಸಾಕೋಳಿಗೆ ತಲೆ ನೋಡಬೇಕು ಅನ್ನೋದು ಎಲ್ಲಿಂದ ಹೊಳೀಬೇಕು? ಮೈ ನೋಡಬೇಡ ಅಂತ ನೀವು ಹೇಳಿದ್ದು ಆ ಹೊತ್ತಲ್ಲಿ ನೆನಪಿಗೇ ಬರಲಿಲ್ಲ.

ನೀವು ಬಂದ್ರಿ. ಮೆಟ್ಟಿಲ ಹತ್ರ ಗೋಡೆ ಹಿಡ್ಕೊಂಡು ನಿಧಾನ ಬಂದ್ರಿ, ಹೊಸ ಕಟ್ಟಡ ಅಭ್ಯಾಸ ಇಲ್ಲ ಅಂದ್ಕೊಂಡೆ. ಚೀಟಿ ಕಿತ್ತು ಬಂದಿದ್ದು, ಅಂಟಿಸಿದ್ದು ಎಲ್ಲ ಹೇಳಿದೆ. ಜಾಡಿ ಮುಂದೆ ಒಂದು ಗಳಿಗೆ ನಿಂತ್ರಿ.

"ತಲೆ ನೋಡಿದ್ಯಾ ತಾಯಮ್ಮ?"

"ನೋಡ್ದೆ ಮೇಡಂ."

"ಹಂಗಾದ್ರೆ ಇರಲಿ."

ಇಷ್ಟೇ ನಡೆದಿದ್ದು. ಅದೇ ವಾರ ನಿಮ್ಮ ಭೂತಗನ್ನಡಿ ತೆಗೆದು, "ಇದು ನಿನ್ನ ಹತ್ರ ಇರಲಿ" ಅಂತ ನನ್ನ ಕೈಗಿಟ್ರಿ. ನನಗೆ ಹೆಮ್ಮೆ ಅಂದ್ರೆ ಹೆಮ್ಮೆ. ನಮ್ಮೂರ ಬಸ್ಸಲ್ಲಿ ಕಂಡಕ್ಟರಿಗೂ ತೋರಿಸಿದೆ. ಆಮೇಲೆ ಒಂದು ವರ್ಷ ನೀವು ಬೋರ್ಡ್ ಮೇಲೆ ಬರೆಯೋದು ಕಮ್ಮಿ ಮಾಡಿ ಬಾಯಲ್ಲೇ ಪಾಠ ಹೇಳಿದ್ರಿ. ನೋಟೀಸು ಬಂದ್ರೆ "ನೀನು ಓದು ತಾಯಮ್ಮ, ನಾಲಿಗೆ ತಿರುಗಲಿ" ಅಂತಿದ್ರಿ. ಟ್ರೇಯಲ್ಲಿ ಮೀನಿಟ್ರೆ, "ನೀನೇ ನೋಡಿ ಹೇಳು, ದವಡೆ ಎಲ್ಲಿಗೆ ಬಂದಿದೆ?" ಅಂತಿದ್ರಿ. ಎಸ್ಸೆಸ್ಸೆಲ್ಸಿ ಫೇಲಾದೋಳನ್ನ ಓದು ಕಲಿಸಿ ಮನುಷ್ಯಳನ್ನ ಮಾಡ್ತಿದಾರೆ ಅಂದ್ಕೊಂಡೆ. ಆಮೇಲೆ ಒಂದು ದಿನ ಮೈಸೂರಿನ ಆಸ್ಪತ್ರೆಗೆ ಅಂತ ಹೋದೋರು ವಾಪಸ್ ಬರಲೇ ಇಲ್ಲ.

ಈ ಸಲ ಯಾರನ್ನ ಸಮುದ್ರಕ್ಕೆ ಕಳಿಸೋದು ಅಂತ ಆರಿಸೋಕೆ ಹೊಸ ಸಾರು ಒಂದು ಪ್ರಾಕ್ಟಿಕಲ್ ಟೆಸ್ಟ್ ಇಟ್ರು. ಮೇಜಿನ ಮೇಲೆ ಹತ್ತು ಜಾಡಿ ಇಟ್ಟು, ಚೀಟಿ ಕಾಣದಂಗೆ ಪೇಪರ್ ಸುತ್ತೋದು ನನ್ನ ಕೆಲಸ. ಐದನೇದು ನಾನು ಇಂಡಿಕಸ್ ಅಂತ ಅಂಟಿಸಿದ್ದ ಜಾಡಿ. ಮಿಕ್ಕ ಮಕ್ಕಳೆಲ್ಲ ನಿಂತೇ ನೋಡಿ ಬರೆದು ಮುಂದೆ ಹೋದ್ವು. ಸುಮಿತ್ರ ಮಾತ್ರ ಚೂಡಿದಾರದ ವೇಲು ಸೊಂಟಕ್ಕೆ ಸಿಕ್ಕಿಸಿ, ನೆಲಕ್ಕೆ ಮಂಡಿಯೂರಿ, ಕುತ್ತಿಗೆ ತಿರುಗಿಸಿ ಜಾಡಿ ಅಡಿಯಿಂದ ನೋಡಿದಳು. ನನ್ನ ಎದೆ ಧಸಕ್ಕಂತು. ಯಾಕೆ ಅಂತ ಆಗ ಗೊತ್ತಾಗಲಿಲ್ಲ, ಬರೀ ಧಸಕ್ಕಂತು.

ಮಾರನೇ ದಿನ ಮಾರ್ಕ್ಸ್ ಹೇಳಿದ್ರು. ಒಂಬತ್ತು ಸರಿ, ಐದನೇದಕ್ಕೆ ಸೊನ್ನೆ. ಇನ್ನೊಬ್ಬ ಹುಡುಗನಿಗೆ ಹತ್ತೂ ಸರಿ. ಸುಮಿತ್ರ ಎದ್ದು ನಿಂತಳು. "ಸಾರ್, ಅದು ಕಾಮರ್ಸೋನಿ ಸಾರ್. ದವಡೆ ಮೂಳೆ ಕೆನ್ನೆ ದಾಟಿದೆ."

ಸಾರು ಜಾಡಿಯ ಪೇಪರ್ ಬಿಚ್ಚಿ ಚೀಟಿ ತೋರಿಸಿದ್ರು. ಒರಟು ಮನುಷ್ಯ ಅಲ್ಲ ಅವರು, ಮೆತ್ತಗೇ ಅಂದ್ರು. "ಇದು ಯಾರ ಹ್ಯಾಂಡ್‌ರೈಟಿಂಗ್ ಗೊತ್ತಲ್ಲ? ನಿಮ್ಮ ಮೇಡಂದು. ಅವರಿಗಿಂತ ನಿನಗೆ ಜಾಸ್ತಿ ಗೊತ್ತಾ?"

ಸುಮಿತ್ರ ಆ ಚೀಟಿ ನೋಡಿದಳು. ಕೂತ್ಕೊಂಡಳು. ನಾನು ಮೂಲೇಲಿ ಟ್ರೇ ಹಿಡ್ಕೊಂಡು ನಿಂತಿದ್ದೆ. ಅಲ್ಲೇ ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. ನನ್ನ ಹೆಸರು ಆಗಷ್ಟೇ ಕಾಯಂ ಮಾಡೋ ಪಟ್ಟೀಲಿ ಆಫೀಸಿಗೆ ಹೋಗಿತ್ತು ಮೇಡಂ. ಸುಳ್ಳು ಯಾಕೆ ಹೇಳಲಿ, ಮೊದಲು ನೆನಪಾಗಿದ್ದು ಅದೇ. ಆಮೇಲೆ ನಿಮ್ಮ "ಇರಲಿ" ನೆನಪಾಯ್ತು. ಮೇಡಂ ನೋಡಿಯೇ ಇರಲಿ ಅಂದಿದಾರೆ ಅಂದ್ಮೇಲೆ ಚೀಟಿ ಸರಿಯೇ ಇರಬೇಕಲ್ಲ? ನಾನು ಅಂದಾಜಲ್ಲಿ ಅಂಟಿಸಿದ್ರೂ ಅದೃಷ್ಟಕ್ಕೆ ಸರಿಯಾಗಿರಬಾರದಾ? ಸರಿ ಇದ್ರೆ ಎದೆ ಯಾಕೆ ಹೊಡ್ಕೋಬೇಕು? ಒಂದಕ್ಕೊಂದು ತಾಳೆ ಆಗ್ತಿರಲಿಲ್ಲ.

ಆವತ್ತು ಬರ್ತಾ ಮಾರ್ಕೆಟ್ಟಲ್ಲಿ ಅರ್ಧ ಕೆಜಿ ನೆತ್ತಿಲಿ ತಗೊಂಡೆ. ಜಗಲಿ ಮೇಲೆ ಹರಡಿಕೊಂಡು, ನಿಮ್ಮ ಭೂತಗನ್ನಡಿ ಹಿಡಿದು ಒಂದೊಂದೇ ತಲೆ ನೋಡಿದೆ. ಒಂದರ ದವಡೆ ಕೆನ್ನೆ ಹತ್ರ ನಿಂತಿದೆ. ಇನ್ನೊಂದು ದಾಟಿದೆ ಅನ್ಸುತ್ತೆ, ತಿರುಗಿಸಿ ನೋಡಿದ್ರೆ ದಾಟಿಲ್ಲ ಅನ್ಸುತ್ತೆ. ಮೂರನೇದು ಬಾಯಿ ಬಿಟ್ಕೊಂಡಿದೆ, ಅದರ ಲೆಕ್ಕ ಹೆಂಗೆ? ನಮ್ಮೂರಿಗೆ ಬರೋದೆಲ್ಲ ಇಂಡಿಕಸ್ಸೇ ಅಂದಿದ್ರಲ್ಲ ನೀವು, ಇದ್ರಲ್ಲಿ ಎರಡೂ ಇರೋ ಹಂಗಿದೆಯಲ್ಲ… ಇಲ್ಲಾ ನನ್ನ ಕಣ್ಣೇ ಮೋಸವಾ?

ನಮ್ಮೆಜಮಾನ್ರು ಎರಡು ಸಲ ಬಂದು ನೋಡಿ ಹೋದ್ರು. ಮೂರನೇ ಸಲ, "ಏನಮ್ಮಿ, ಮೀನ್ ಮೊಕ ನೋಡ್ಕಂಡ್ ಕುಂತಿದೀಯೆ, ಸಂಬಂಧ ಗಿಂಬಂಧ ಮಾಡೀಯಾ? ಸಾರ್ ಯಾವಾಗ?" ಅಂದ್ರು.

"ಇವತ್ತು ಸಾರಿಲ್ಲ. ಮಜ್ಜಿಗೇಲಿ ಉಣ್ಣಿ" ಅಂದೆ. ಪಾಪ, ತಾವೇ ಮಜ್ಜಿಗೆ ಗಡಿಗೆ ಹುಡುಕ್ಕೊಂಡು ಒಳಗೆ ಹೋದ್ರು.

ಮಾರನೇ ದಿನ ಸುಮಿತ್ರ ಲ್ಯಾಬಿಗೆ ಬಂದಳು. ಅತ್ತು ಮುಖ ಊದಿತ್ತು. ಸಾರಿನ ಮೇಲೆ ಸಿಟ್ಟು ಮಾಡ್ಕೊಂಡು ಬಂದಿದಾಳೆ ಅಂದ್ಕೊಂಡ್ರೆ ಹಂಗಲ್ಲ. "ಅಕ್ಕ, ಇಲ್ಲಿ ಕಣ್ಣಿನ ಡಾಕ್ಟ್ರು ಯಾವ ದಿನ ಸಿಕ್ತಾರೆ?" ಅಂದಳು.

"ಯಾಕಮ್ಮಿ, ಕಣ್ಣಿಗೇನಾಯ್ತು?"

"ಮೇಡಂ ಬರ್ದಿರೋ ಚೀಟಿ ತಪ್ಪಾಗಕ್ಕಿಲ್ಲ ಅಕ್ಕ. ಅಂದ್ಮೇಲೆ ನನ್ನ ಕಣ್ಣೇ ಸರಿ ಇಲ್ಲ. ನಾನು ಮೂರು ಸಲ ನೋಡ್ದೆ, ಮೂರು ಸಲವೂ ದಾಟಿರೋ ಹಂಗೇ ಕಾಣ್ಸ್ತು. ನನಗಿರೋದು ಇದೊಂದೇ ವಿದ್ಯೆ, ಇದೂ ಇಲ್ಲ ಅಂದ್ರೆ…" ಅಂದಳು. ಸಮುದ್ರದ ಮಾತೇ ಎತ್ತಲಿಲ್ಲ ಅವಳು.

ಮೇಡಂ, ಆ ಹುಡುಗಿ ನಿಮ್ಮ ಮೇಲೆ ಅನುಮಾನ ಪಡೋ ಬದಲು ತನ್ನ ಕಣ್ಣು ಕೆಟ್ಟಿದೆ ಅಂತ ನಂಬಿಕೊಂಡಳು. ಅದೂ ನನ್ನ ಮೈದಾ ಅಂಟಿನ ದೆಸೆಯಿಂದ. ನನಗೆ ನನ್ನ ಮೇಲೇ ಅಸಹ್ಯ ಆಯ್ತು. "ಡಾಕ್ಟ್ರು ಬ್ಯಾಡ, ಬಾ ನನ್ನ ಜೊತೆ" ಅಂತ ಅವಳ ಕೈ ಹಿಡ್ಕೊಂಡು ಸೀದಾ ಹೊಸ ಸಾರಿನ ಮುಂದೆ ನಿಂತೆ. ಚೀಟಿ ನೆನೆದಿದ್ದು, ನಾನು ದಪ್ಪ ಸಣ್ಣ ನೋಡಿ ಅಂಟಿಸಿದ್ದು, ತಲೆ ನೋಡಿದೆ ಅಂತ ನಿಮಗೆ ಸುಳ್ಳು ಹೇಳಿದ್ದು, ಒಂದೂ ಬಿಡದೆ ಒದರಿಬಿಟ್ಟೆ. ಕೊನೆಗೆ, "ಮೇಡಂ ನೋಡಿ ಇರಲಿ ಅಂದಿದ್ರು ಸಾರ್, ಅದಕ್ಕೇ ನನಗೂ ಗೊತ್ತಾಗ್ತಿಲ್ಲ" ಅಂದೆ.

ಸಾರು ಕನ್ನಡಕ ತೆಗೆದು ಮೇಜಿನ ಮೇಲಿಟ್ರು. "ಹಳೆಯೋರು ಜಾಡಿ ಒಳಗೂ ಒಂದು ಚೀಟಿ ಹಾಕ್ತಿದ್ರು. ಹಾಕಿದಾರಾ ನೋಡಣ" ಅಂದ್ರು.

ಐದನೇ ಜಾಡಿಯ ಮೇಣ ಕೆರೆದು ಮುಚ್ಚಳ ತೆಗೆದ್ವಿ. ಈ ಸಲ ನಾನು ಓಡಲಿಲ್ಲ ಮೇಡಂ. ಕಣ್ಣಲ್ಲಿ ಧಾರಾಕಾರ ನೀರು, ಆದ್ರೂ ಅಲ್ಲೇ ನಿಂತಿದ್ದೆ. ಸಾರು ಇಕ್ಕಳದಲ್ಲಿ ಮೀನು ಒಂದೊಂದೇ ತೆಗೆದು ಟ್ರೇಗೆ ಹಾಕ್ತಾ ಹೋದ್ರು. ನಡುವಿದ್ದ ಒಂದು ಮೀನಿನ ಬಾಲಕ್ಕೆ ದಾರ, ದಾರಕ್ಕೆ ದಪ್ಪ ಕಾಗದದ ಸಣ್ಣ ತುಂಡು. ಪೆನ್ಸಿಲಲ್ಲಿ ಬರೆದಿತ್ತು. ಇಂಕು ಆ ನೀರಲ್ಲಿ ಕರಗುತ್ತೆ, ಪೆನ್ಸಿಲ್ ಕರಗಲ್ಲ ಅಂತ ಸಾರು ಹೇಳಿದ್ರು. ಅಷ್ಟು ವರ್ಷ ಮೀನಿನ ಮಧ್ಯ ಮುಳುಗಿದ್ರೂ ನಿಮ್ಮ ಅಕ್ಷರ ಹಂಗೇ ಇತ್ತು. ಸುಮಿತ್ರ ಓದಿದಳು. "ಕಾಮರ್ಸೋನಿ. ಗುಂಡ್ಲುಪೇಟೆ ಮಾರುಕಟ್ಟೆ. ಮದ್ದೂರಿನ ಜಯಮ್ಮನ ಬುಟ್ಟಿಯಿಂದ. ಆರಿಸಿ ಕೊಟ್ಟವರು ಅವರೇ."

ತನ್ನ ಅವ್ವನ ಹೆಸರನ್ನ ಆ ಹುಡುಗಿ ಇನ್ನೊಂದು ಸಲ ಓದಿದಳು. ನಮ್ಮ ಮೂವರ ಕಣ್ಣಲ್ಲೂ ನೀರಿತ್ತು. ಅದರಲ್ಲಿ ಔಷಧಿ ಘಾಟಿಗೆ ಬಂದಿದ್ದೆಷ್ಟು, ಅಳು ಎಷ್ಟು ಅಂತ ಹೇಳೋಕಾಗಲ್ಲ. ಸಾರು ಆಮೇಲೆ ಇನ್ನೊಂದು ಜಾಡಿ ಬಿಚ್ಚಿದ್ರು, ಅದರಲ್ಲೂ ಚೀಟಿ, ಇಂಡಿಕಸ್. ಎರಡೂ ಜಾಡಿಯ ತಲೆಗಳನ್ನ ತಾವೇ ಕೂತು ನೋಡಿದ್ರು. ಸುಮಿತ್ರನ ಸೊನ್ನೆ ಹೊಡೆದು ಹಾಕಿದ್ರು. ಐದನೇದಕ್ಕೆ ಆ ಹುಡುಗ ಇಂಡಿಕಸ್ ಅಂತ ಬರೆದಿದ್ದ, ಅವನದ್ದು ಕಳೆದ್ರು. ಅವನಿಗೂ ಬೇಜಾರಾಯ್ತು, ಅದೂ ನನ್ನ ಲೆಕ್ಕಕ್ಕೇ. ನನಗೆ ಒಂದು ಮೆಮೊ ಬಂತು. ಕಾಯಂ ಪಟ್ಟೀಲಿ ಹೆಸರು ಉಳೀತಾ ಹೋಯ್ತಾ ಅಂತ ಇನ್ನೂ ಯಾರೂ ಹೇಳಿಲ್ಲ, ನಾನೂ ಕೇಳಿಲ್ಲ.

ಇಷ್ಟಾದ್ರೂ ನನ್ನ ತಲೆ ತಿಳಿಯಾಗಲಿಲ್ಲ ಮೇಡಂ. ಚೀಟಿ ತಪ್ಪು ಅಂತ ಗೊತ್ತಾದ ಮೇಲೆ ಇನ್ನೂ ಗೋಜಲಾಯ್ತು. ಜಾಡಿ ಒಳಗಿರೋದು ಯಾವ ಮೀನು ಅಂತ ಬರೆದೋರೇ ನೀವು. ಹೊರಗೆ ತಪ್ಪು ಚೀಟಿ ಕಂಡೂ ಇರಲಿ ಅಂತ ಯಾಕೆ ಅಂದ್ರಿ? ನನಗೆ ಬಯ್ಯೋಕೆ ಮನಸ್ಸು ಬರಲಿಲ್ವಾ? ನನ್ನ ಕೆಲಸ ಹೋಗುತ್ತೆ ಅಂತಲಾ? ಪರೀಕ್ಷೆ ಮಾಡಿದ್ರಾ? ಬಸ್ಸಲ್ಲಿ, ಬಚ್ಚಲಲ್ಲಿ, ಮುದ್ದೆ ತೊಳಸುವಾಗ ಇದೇ ಯೋಚನೆ. ನೀವು ಅಂಥವರಲ್ಲ. ತಪ್ಪು ಕಂಡ್ರೆ ಪ್ರಿನ್ಸಿಪಾಲರಿಗೂ ಮುಖಕ್ಕೇ ಹೇಳೋರು.

ಹೋದ ವಾರ ನಿಮ್ಮ ತಂಗಿ ಆಫೀಸಿಗೆ ಬಂದಿದ್ರು, ಏನೋ ಕಾಗದಕ್ಕೆ ಸಹಿ ಹಾಕೋಕೆ. ಲ್ಯಾಬು ನೋಡ್ತೀನಿ ಅಂತ ಬಂದ್ರು. ನಿಮ್ಮ ಭೂತಗನ್ನಡಿ ಅವರಿಗೇ ಸೇರಬೇಕಲ್ಲ ಅಂತ ತೆಗೆದು ಕೊಡೋಕೆ ಹೋದೆ. "ಇಟ್ಕೊಳ್ಳಿ ಚಿಕ್ಕತಾಯಮ್ಮ. ಕೊನೇ ಎರಡು ವರ್ಷ ಅಕ್ಕನಿಗೆ ಅದರಿಂದ ಏನು ಉಪಯೋಗ ಇತ್ತು? ಸಕ್ಕರೆ ಕಾಯಿಲೆ ಕಣ್ಣು ತಿಂದುಬಿಟ್ಟಿತ್ತು. ಎದುರು ನಿಂತೋರ ಮುಖವೇ ಮಸುಕು. ಕಾಲೇಜಲ್ಲಿ ಯಾರಿಗೂ ಹೇಳಬೇಡ ಅಂತ ನನ್ನ ಕೈಲಿ ಆಣೆ ಹಾಕಿಸಿಕೊಂಡಿದ್ಳು" ಅಂದ್ರು.

ಆಗ ಒಂದೊಂದೇ ನೆನಪಾಯ್ತು. ಗೋಡೆ ಹಿಡ್ಕೊಂಡು ಬಂದ್ರಲ್ಲ ಆವತ್ತು. ನೋಟೀಸು ಓದಿಸಿದ್ರಿ. ದವಡೆ ಎಲ್ಲಿಗೆ ಬಂದಿದೆ ನೀನೇ ಹೇಳು ಅಂದ್ರಿ. ಅದು ನನಗೆ ಪಾಠ ಅಂದ್ಕೊಂಡಿದ್ದೆನಲ್ಲ ಮೇಡಂ. ನೀವು ನನ್ನ ಕಣ್ಣಲ್ಲಿ ನೋಡ್ತಾ ಇದ್ರಿ. ಲ್ಯಾಬಿಗೆ ಇದ್ದಿದ್ದೇ ಒಂದು ಜೊತೆ ಕಣ್ಣು, ಅದು ನನ್ನದು, ಆ ನಾನೇ ಬಗ್ಗದೆ "ನೋಡ್ದೆ" ಅಂದೆ. ನೀವು ನಂಬಿದ್ರಿ. ನನಗೆ ಬಾಯಿಬಿಟ್ಟು ಒಂದು ಮಾತು ಹೇಳಬಾರದಿತ್ತಾ? ಹೇಳಿದ್ರೆ ನೆಲದ ಮೇಲೆ ಮಲಗಿಯಾದ್ರೂ ನೋಡಿರ್ತಿದ್ದೆನಲ್ಲ. ಒಂದು ಸಲ ಸಿಟ್ಟು ಬರುತ್ತೆ, ಇನ್ನೊಂದು ಸಲ ಸಂಕಟ ಆಗುತ್ತೆ. ಯಾವುದು ಸರಿ ಅಂತ ಈಗಲೂ ಗೊತ್ತಾಗ್ತಿಲ್ಲ.

ನಿನ್ನೆ ಸುಮಿತ್ರ ಫೋನ್ ಮಾಡಿದ್ದಳು, ಸಮುದ್ರದ ದಡದ ಕಾಯಿನ್ ಬೂತಿಂದ. ಗಾಳಿ ಸದ್ದಲ್ಲಿ ಅರ್ಧ ಮಾತು ಕೇಳಿಸಲಿಲ್ಲ. "ಅಕ್ಕ, ಇಲ್ಲಿ ಬಲೆಯಿಂದ ರಾಶಿ ರಾಶಿ ಸುರೀತಾರೆ, ಒಂದು ಹಿಡೀಲೇ ಮೂರು ಜಾತಿ ಸಿಕ್ತು. ಮೇಷ್ಟ್ರು ಒಂದ್ ಮೀನ್ ಕೊಟ್ಟು ಯಾವ್ದು ಅಂದ್ರು, ಗೊತ್ತಾಗ್ತಿಲ್ಲ ಸಾರ್ ಅಂದೆ. ನನಗೂ ಗೊತ್ತಾಗ್ತಿಲ್ಲ, ಅದಕ್ಕೇ ಕೇಳ್ದೆ ಅಂದ್ರು" ಅಂತ ನಕ್ಕಳು. ಜಯಮ್ಮನನ್ನೂ ಕರ್ಕೊಂಡು ಹೋಗಿದಾಳೆ ಮೇಡಂ, ಎರಡು ದಿನದ ಮಟ್ಟಿಗೆ. ಆಯಮ್ಮ ಅಲೆ ನೋಡಿ ಏನಂದ್ರು ಗೊತ್ತಾ? "ಇಷ್ಟೊಂದ್ ನೀರಿಗೆ ಕಾವಲೇ ಇಲ್ವಲ್ಲ" ಅಂದ್ರಂತೆ. ನೀವು ಕೊಟ್ಟ ಮಾತು ನಡೀತು, ಇದನ್ನ ತಿಳಿಸೋಕೇ ಈ ಕಾಗದ.

ಇವತ್ತು ಎರಡು ಜಾಡಿ ಹೊಸದಾಗಿ ತುಂಬಿ ಮುಚ್ಚಿದ್ವಿ. ನಿಮ್ಮ ಚೀಟಿಗಳು ಅದೇ ದಾರದಲ್ಲಿ ಅಲ್ಲಲ್ಲೇ ಇವೆ. ಮುಚ್ಚೋ ಮುಂಚೆ ಸಾರು ನನ್ನ ಕೈಗೂ ಒಂದು ಕಾಗದದ ತುಂಡು, ಪೆನ್ಸಿಲ್ಲು ಕೊಟ್ಟು, ಯಾರು ಪರಿಶೀಲಿಸಿದ್ರು ಅಂತ ಬರೀರಿ ಅಂದ್ರು. ಸುಮಿತ್ರನ ಹೆಸರು ಬರೆದೆ, ಕೆಳಗೆ ನನ್ನದೂ ಬರೆದೆ. ಅದೇ ಪೆನ್ಸಿಲಲ್ಲಿ ಇದನ್ನೂ ಬರೀತಿದೀನಿ. ಬರೆಯೋಕೆ ಕೂರೋ ಮುಂಚೆ ಮಂಡಿಯೂರಿ ಬಗ್ಗಿದೆ, ಒಂದು ಜಾಡೀಲಿ ಹನ್ನೊಂದು ಮೀನು, ಇನ್ನೊಂದರಲ್ಲಿ ಒಂಬತ್ತು, ಒಂದನ್ನೂ ಬಿಡಲಿಲ್ಲ.

ಈಗ ತಲೆ ನೋಡ್ದೆ ಮೇಡಂ.

ನಿಮ್ಮ
ಚಿಕ್ಕತಾಯಮ್ಮ